ಮರಳಿನ ಚೀಲಗಳನ್ನು ಮೊದಲ ಪುಟಕ್ಕೆ ತನ್ನಿ

ನಮಸ್ಕಾರ.

ಕಟ್ಟಡದ ಕೆಲಸದಲ್ಲಿದ್ದ ನಿಮ್ಮ ತಂದೆಯವರ ಬಗ್ಗೆ ನಮ್ಮ ಪತ್ರಿಕೆಗೆ ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಅವರು ತೀರಿಕೊಂಡು ಹೆಚ್ಚು ದಿನವಾಗಿಲ್ಲ ಎಂದಿದ್ದೀರಿ. ಆದರೂ ಸುತ್ತಿಬಳಸದೆ ಹೇಳುವುದೇ ಮೇಲು ಅನ್ನಿಸಿತು.

ಪ್ರಾಮಾಣಿಕ, ಶಿಸ್ತಿನ ಸಿಪಾಯಿ, ಕಾಯಕಯೋಗಿ, ಮಮತೆಯ ಮೂರ್ತಿ. ಈ ಮಾತುಗಳನ್ನು ಯಾರ ಅಪ್ಪನಿಗೂ ಅಂಟಿಸಬಹುದು. ನಿಮ್ಮ ಅಪ್ಪ ನನಗೆ ಕಂಡದ್ದು ನಾಲ್ಕನೇ ಪುಟದ ಒಂದೇ ಒಂದು ಸಾಲಿನಲ್ಲಿ: ಉಯ್ಯಾಲೆ ಕಟ್ಟಿ, ಅದರ ಮೇಲೆ ಮರಳಿನ ಚೀಲಗಳನ್ನಿಟ್ಟು, ಮರುದಿನದವರೆಗೂ ನಿಮ್ಮನ್ನು ಹತ್ತಲು ಬಿಡಲಿಲ್ಲ, ನೀವು ಅತ್ತಿರಿ. ಅಷ್ಟು ಹೇಳಿ ಬಡ್ತಿಯ ವಿಷಯಕ್ಕೆ ಹಾರಿಬಿಟ್ಟಿದ್ದೀರಿ! ಕಟ್ಟಡದ ಭಾರಪರೀಕ್ಷೆಯಲ್ಲಿ ಮಾಡುವುದೂ ಇದನ್ನೇ. ಭಾರ ಹೇರಿ 24 ಗಂಟೆ ಬಿಡುತ್ತಾರೆ, ತೊಲೆ ಎಷ್ಟು ಬಾಗಿತೆಂದು ಅಳೆಯುತ್ತಾರೆ, ಇಳಿಸಿದ ಮೇಲೆ ಎಷ್ಟು ಮರಳಿ ಮೇಲೆದ್ದಿತೆಂದೂ ನೋಡುತ್ತಾರೆ. ಆಗ ನಿಮ್ಮ ತೂಕ ಎಷ್ಟಿತ್ತು, ಚೀಲಗಳದ್ದೆಷ್ಟು? ಚೀಲ ಇಳಿಸಿದಾಗ ಅವರು ಮೊದಲು ಕೊಂಬೆ ನೋಡಿದರೋ, ಹಗ್ಗದ ಗಂಟನ್ನೋ? ಲೇಖನ ಇಲ್ಲಿಂದ ಶುರುವಾಗಲಿ.

ನಿಮ್ಮ ಹುಟ್ಟುಹಬ್ಬದ ದಿನ ಅವರು ನಡುರಾತ್ರಿ ಮನೆಗೆ ಬಂದದ್ದನ್ನು ‘ಕರ್ತವ್ಯನಿಷ್ಠೆ’ ಅಂದು ಮುಗಿಸಿದ್ದೀರಿ. ಅವತ್ತು ಸ್ಲ್ಯಾಬ್ ಹಾಕುತ್ತಿದ್ದರೆಂದು ನೀವೇ ಬರೆದಿದ್ದೀರಲ್ಲ. ಶುರುಮಾಡಿದ ಸ್ಲ್ಯಾಬನ್ನು ಮನಸ್ಸು ಬಂದಲ್ಲಿ ನಿಲ್ಲಿಸುವಂತಿಲ್ಲ. ಮೊದಲು ಸುರಿದ ಕಾಂಕ್ರೀಟ್ ಬಿಗಿದುಕೊಂಡರೆ ಆಮೇಲೆ ಸುರಿದದ್ದು ಅದರೊಂದಿಗೆ ಸರಿಯಾಗಿ ಬೆಸೆಯುವುದಿಲ್ಲ, ಮುಂದೆ ನೀರು ಜಿನುಗುವುದಕ್ಕೆ ಅದೇ ದಾರಿ. ಇದು ಗೊತ್ತಾದರೆ ಓದುಗರಿಗೆ ನಿಮ್ಮ ಸಿಟ್ಟೂ ಅವರ ಅಸಹಾಯಕತೆಯೂ ಒಟ್ಟಿಗೆ ಮುಟ್ಟುತ್ತವೆ. ಆ ಸಿಟ್ಟನ್ನು ನೀವು ಬೇಕೆಂದೇ ಅಳಿಸಿದ್ದೀರಿ ಅಂತ ನನ್ನ ಅನುಮಾನ. ವಾಪಸ್ ಹಾಕಿ.

ಇನ್ನು ಸೇನೆಯ ಭಾಗ. ‘ಯುದ್ಧದ ಬಗ್ಗೆ ಅಪ್ಪ ಬಾಯಿಬಿಡುತ್ತಿರಲಿಲ್ಲ’ ಎನ್ನುತ್ತೀರಿ, ಅದರ ಬೆನ್ನಿಗೇ ಮೂರು ಪುಟ ಗುಂಡಿನ ಮಳೆ. ಅದೆಲ್ಲಿಂದ ಬಂತು? ಅವರಿದ್ದದ್ದು ಬೈಲಿ ಸೇತುವೆ ಕಟ್ಟುವ ಎಂಜಿನಿಯರ್ ತುಕಡಿಯಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಡೊನಾಲ್ಡ್ ಬೈಲಿ ರೂಪಿಸಿದ ಆ ಸೇತುವೆಯ ಒಂದೊಂದು ಚೌಕಟ್ಟು 10 ಅಡಿ ಉದ್ದ, ಸುಮಾರು 260 ಕೆಜಿ ತೂಕ. ಕ್ರೇನ್ ಬೇಡ, ಆರು ಜನ ಹೊತ್ತು ತರುತ್ತಾರೆ, ಪಿನ್ನು ಹೊಡೆದು ಜೋಡಿಸುತ್ತಾರೆ, ಈ ದಡದಲ್ಲೇ ಕಟ್ಟಿ ರೋಲರ್‌ಗಳ ಮೇಲೆ ಆ ದಡಕ್ಕೆ ತಳ್ಳುತ್ತಾರೆ. ಅವರ ಜೊತೆ ಹೆಗಲು ಕೊಟ್ಟವರು ಯಾರಾದರೂ ಇದ್ದರೆ ಹೋಗಿ ಮಾತಾಡಿಸಿ. ಯಾರೂ ಇಲ್ಲವೆಂದರೆ ಆ ಮೂರು ಪುಟ ಕಿತ್ತುಹಾಕಿ. ಬಾಯಿಬಿಡುತ್ತಿರಲಿಲ್ಲ ಎಂಬ ಸಾಲೊಂದು ಉಳಿಯಲಿ.

ಬಡ್ತಿ, ವರ್ಗಾವಣೆ, ಸನ್ಮಾನಗಳ ಪಟ್ಟಿ ಮನೆಯವರಿಗೆ ಬೇಕಾಗುತ್ತದೆ, ಜೋಪಾನವಾಗಿಡಿ. ಪತ್ರಿಕೆಗೆ ಬೇಡ.

ಮತ್ತೆ, ಇಡೀ ಲೇಖನದಲ್ಲಿ ನಿಮ್ಮ ಅಮ್ಮ ಒಮ್ಮೆಯೂ ಮಾತಾಡುವುದಿಲ್ಲ. ಒಂದು ಕೆಲಸ ಮುಗಿದು ಇನ್ನೊಂದು ಶುರುವಾದಾಗಲೆಲ್ಲ ಮನೆಯ ಸಾಮಾನು ಕಟ್ಟಿಕೊಂಡು ಹೊರಟವರು ಅವರು; ಅವರ ನೆನಪು ನಿಮ್ಮದಕ್ಕಿಂತ ಬೇರೆಯೇ ಇರಬಹುದು. ಕೇಳಿ, ತಿದ್ದಿ, ಸಾವಿರ ಪದದೊಳಗೆ ಇನ್ನೊಮ್ಮೆ ಕಳಿಸಿ.