ನಾಲ್ವರ ಆಟಕ್ಕೆ 72 ಅಂಕ ಸಾಕಾ?

ಪ್ರಶ್ನೆ: ಕೈಯಲ್ಲಿ ಹಿಡಿದು ಆಡೋ ಹಳೇ ಗೇಮ್ ಯಂತ್ರ ನಿಂಟೆಂಡೊ ಡಿಎಸ್‌ಗೆ 'ಮಾರಿಯೋ ಪಾರ್ಟಿ ಡಿಎಸ್' ಅನ್ನೋ, ದಾಳ ಹಾಕಿ ಬೋರ್ಡ್ ಮೇಲೆ ನಡೆಯೋ ಆಟ ಕೊಳ್ಳೋಣ ಅಂತ ಮಕ್ಕಳ ಹಟ. ವಿಮರ್ಶಕರ ಅಂಕಗಳ ಸರಾಸರಿ ತೋರಿಸೋ ವೆಬ್‌ಸೈಟ್ ಮೆಟಾಕ್ರಿಟಿಕ್‌ನಲ್ಲಿ ಅಂಕ ನೂರಕ್ಕೆ ಬರೀ 72. ದುಡ್ಡು ದಂಡ ಆಗುತ್ತಾ, ಸಾರ್?
– ಓದುಗರು, ತಿಪಟೂರು

ಉತ್ತರ: ಅಂಕ ನೋಡಿ ಹೆದರಬೇಡಿ. ಇದಕ್ಕೂ ಮುಂಚೆ, 2005ರಲ್ಲಿ ಬಂದ 'ಮಾರಿಯೋ ಪಾರ್ಟಿ ಅಡ್ವಾನ್ಸ್'ಗೆ ಸಿಕ್ಕಿದ್ದು 54. ಪಾರ್ಟಿ ಅಂತ ಹೆಸರಿಟ್ಟು ಹೆಚ್ಚಾಗಿ ಒಬ್ಬರೇ ಕೂತು ಆಡೋ ಹಾಗೆ ಮಾಡಿದ್ದರು, ವಿಮರ್ಶಕರು ಸಿಟ್ಟಾಗಿದ್ದು ನ್ಯಾಯವೇ ಅಲ್ವಾ? 2007ರ ಡಿಎಸ್ ಆಟ ಆ ತಪ್ಪು ತಿದ್ದಿತು. ಒಬ್ಬರ ಹತ್ತಿರ ಆಟದ ಕಾರ್ಡ್ ಇದ್ದರೆ ಸಾಕು, ಉಳಿದ ಮೂವರು ತಮ್ಮ ತಮ್ಮ ಡಿಎಸ್‌ಗೆ ವೈರ್‌ಲೆಸ್‌ನಲ್ಲೇ ಇಳಿಸಿಕೊಂಡು ಪೂರ್ತಿ ಬೋರ್ಡ್ ಆಡಬಹುದು, ಇದನ್ನು ವಿಮರ್ಶಕರೂ ತುಂಬಾ ಮೆಚ್ಚಿದರು. ಚಿಕ್ಕ ಚಿಕ್ಕ ಆಟಗಳೂ ಹಿಡಿಸಿದವು: ಒಂದರಲ್ಲಿ ಸ್ಟೈಲಸ್ ಹಿಡಿದು ಪರದೆ ಮೇಲೆ ಗೀಚಬೇಕು, ಇನ್ನೊಂದರಲ್ಲಿ ಮೈಕಿಗೆ ಉಫ್ ಅಂತ ಊದಬೇಕು.

ದೂರು ಏನಂದ್ರೆ ಆನ್‌ಲೈನ್ ಇಲ್ಲ, ಅದೃಷ್ಟದ ಪಾಲು ಜಾಸ್ತಿ. ಮೊದಲನೇದು ಈಗ ಲೆಕ್ಕಕ್ಕೇ ಬರಲ್ಲ, ಡಿಎಸ್‌ನ ಆನ್‌ಲೈನ್ ಸೇವೆಯೇ 2014ರಲ್ಲಿ ನಿಂತುಹೋಯಿತು. ಎರಡನೇದು ನನಗೆ ದೋಷ ಅನಿಸೋದೇ ಇಲ್ಲ. ಚೌಕಾಬಾರದಲ್ಲಿ ಕವಡೆ ಬಿದ್ದಂತೆ ನಡೆಯೋದು ತಾನೇ, ಅದಕ್ಕೇ ಅಲ್ವಾ ಪುಟ್ಟ ತಂಗಿಯೂ ಅಣ್ಣನನ್ನು ಗೆಲ್ಲೋದು?

ಆದರೆ ಒಂದು ಮಾತು. ನಾಲ್ವರು ಸೇರಿ ಆಡಬೇಕಾದರೆ ನಾಲ್ಕು ಡಿಎಸ್ ಬೇಕೇ ಬೇಕು. ಮನೆಯಲ್ಲಿ ಒಂದೇ ಇದ್ದರೆ ಸುಮ್ನೆ ಬೇಡ ಬಿಡಿ. ಯಂತ್ರವನ್ನೇ ಎದುರಾಳಿ ಮಾಡಿಕೊಂಡು ಒಬ್ಬರೇ ಆಡಿದರೆ ಬೇಗ ಬೇಜಾರಾಗುತ್ತದೆ. ನೆಂಟರ ಮಕ್ಕಳ ಹತ್ತಿರವೂ ಇದ್ದರೆ ಧೈರ್ಯವಾಗಿ ಕೊಡಿಸಿ. ತುಮಕೂರಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳೋದಾದರೆ ಡಿಎಸ್ ಜೊತೆಗೇ ಒಯ್ದು, ಅಂಗಡಿಯಲ್ಲೇ ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ.