ಚೀನೀ ಕಂಪನಿಯ ಬೆಂಗಳೂರು ಆಫೀಸಿಗೆ ಸೇರ್ತಿದೀನಿ. ಹೊರದೇಶದಲ್ಲಿ ಇವರಿಗೆ ಭಾಷೆ, ಸಂಸ್ಕೃತಿಯೇ ದೊಡ್ಡ ತೊಡಕು ಅಂತಾರೆ. ಮ್ಯಾಂಡರಿನ್ ಕಲಿತರೆ ಸಾಕಾ?

ಕಲಿಯಿರಿ, ನಷ್ಟವಿಲ್ಲ. ಆದರೆ ತೊಡಕು ಅಲ್ಲಿಲ್ಲ. 2016ರಿಂದ 2020ರವರೆಗೆ ನಾನು ಹುಬ್ಬಳ್ಳಿಯಲ್ಲಿ ಒಂದು ಚೀನೀ ಮೊಬೈಲ್ ಬ್ರ್ಯಾಂಡಿಗೆ ಡಿಸ್ಟ್ರಿಬ್ಯೂಟರ್ ಆಗಿದ್ದೆ. ಹೆಸರು ಬೇಡ. ನೀವು ಸೇರಲಿರುವಂಥ ಆಫೀಸಿನ ಜೊತೆಗೇ ನನ್ನ ದಿನವಿಡೀ ಮಾತು, ಜಗಳ, ಲೆಕ್ಕ ಎಲ್ಲ ನಡೆಯುತ್ತಿತ್ತು.

ಅವರಿಗೆ ನಮ್ಮ ಜನ ಅರ್ಥವಾಗಿರಲಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ನಮ್ಮ ಹುಡುಗರಿಗೆ ಸೆಲ್ಫಿ ಕ್ಯಾಮೆರಾ ಎಷ್ಟು ಮುಖ್ಯ ಅಂತ ಅಂಗಡಿಯವರಿಗಿಂತ ಮೊದಲು ಅವರಿಗೆ ಗೊತ್ತಿತ್ತು. ವಿವೋ 2018ರಿಂದ ಐದು ವರ್ಷಕ್ಕೆ ಐಪಿಎಲ್ ಟೈಟಲ್ ಪ್ರಾಯೋಜಕತ್ವದ ಹಕ್ಕನ್ನು 2,199 ಕೋಟಿ ರೂಪಾಯಿಗೆ ಹಿಡಿದಿತ್ತು. ಕ್ರಿಕೆಟ್ ನಮಗೆ ಏನು ಅಂತ ತಿಳಿಯದವರು ಇಷ್ಟು ದುಡ್ಡು ಸುರಿಯುತ್ತಾರಾ? 2020ರ ಹೊತ್ತಿಗೆ ದೇಶದಲ್ಲಿ ಬಿಕರಿಯಾಗುವ ಹತ್ತು ಸ್ಮಾರ್ಟ್‌ಫೋನಿನಲ್ಲಿ ಏಳಕ್ಕಿಂತ ಜಾಸ್ತಿ ಚೀನೀ ಬ್ರ್ಯಾಂಡಿನವೇ ಆಗಿದ್ದವು.

ನಮ್ಮ ಭಾಗ ನೋಡಿಕೊಳ್ಳುತ್ತಿದ್ದ ಚೀನೀ ಮ್ಯಾನೇಜರ್ ಇನ್ನೂ ಚಿಕ್ಕ ವಯಸ್ಸಿನವನು. ದುರ್ಗದಬೈಲಿನ ಅಂಗಡಿಗಳಲ್ಲಿ ಕೌಂಟರ್ ಹಿಂದೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದ. ಗಿರಾಕಿ ಯಾವ ಫೋನ್ ಕೈಗೆತ್ತಿಕೊಂಡ, ಯಾಕೆ ವಾಪಸ್ ಇಟ್ಟ ಅಂತ ಬರೆದುಕೊಳ್ಳುತ್ತಿದ್ದ. ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ನಮ್ಮಿಬ್ಬರ ನಡುವೆ ಭಾಷೆಯಿಂದ ಒಂದು ವ್ಯವಹಾರವೂ ಕೆಟ್ಟಿಲ್ಲ. ಅವನ ಬಗ್ಗೆ ನನಗೆ ಇವತ್ತಿಗೂ ಬೇಸರವಿಲ್ಲ.

ಕೆಟ್ಟಿದ್ದು ಬೇರೆ ಕಡೆ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಾಳೆ ನೀವು ಆ ಕಡೆ ಕೂತು ಇನ್ನೊಬ್ಬ ಡಿಸ್ಟ್ರಿಬ್ಯೂಟರ್‌ಗೆ ಇದನ್ನೇ ಮಾಡಬಹುದು.

ಮೊಬೈಲ್ ವ್ಯಾಪಾರದಲ್ಲಿ ಪ್ರೈಸ್ ಡ್ರಾಪ್ ಅಂತ ಇರುತ್ತದೆ. ಒಂದು ಮಾಡೆಲ್ ಬೆಲೆ ಸಾವಿರ ರೂಪಾಯಿ ಇಳಿಯಿತು ಅನ್ನಿ. ಅವತ್ತು ರಾತ್ರಿ ನನ್ನ ಗೋಡೌನಿನಲ್ಲಿ, ಅಂಗಡಿಗಳಲ್ಲಿ ಎಷ್ಟು ಪೀಸ್ ಇವೆ ಅಂತ ಪ್ರತಿ ಫೋನಿಗೂ ಬೇರೆಬೇರೆ ಇರುವ ಐಎಂಇಐ ನಂಬರ್ ಹಿಡಿದು ಲೆಕ್ಕ ಹಾಕುತ್ತಾರೆ. ಪೀಸಿಗೆ ಸಾವಿರದಂತೆ ಬ್ರ್ಯಾಂಡ್ ನನಗೆ ಕ್ರೆಡಿಟ್ ನೋಟ್, ಅಂದರೆ ಅಷ್ಟು ದುಡ್ಡು ನನ್ನ ಲೆಕ್ಕಕ್ಕೆ ಜಮಾ ಅನ್ನುವ ಕಾಗದ, ಕೊಡಬೇಕು, ನಾನು ಅಂಗಡಿಯವರಿಗೆ ಕೊಡಬೇಕು. ಕ್ರೆಡಿಟ್ ನೋಟ್ ಬರುವವರೆಗೂ ಅದು ಬರೀ ಮಾತು. ಬ್ಯಾಂಕಿನವನ ಮುಂದೆ ಅದನ್ನು ಇಡೋಕಾಗಲ್ಲ.

2019ರ ಕೊನೆಗೆ ಒಂದಾದ ಮೇಲೊಂದು ಮಾಡೆಲ್ ಬೆಲೆ ಇಳಿಯಿತು. ಮ್ಯಾನೇಜರ್ ವೀಚಾಟ್‌ನಲ್ಲಿ (ಚೀನೀಯರ ವಾಟ್ಸಾಪ್‌ನಂಥ ಆಪ್) ಬರೆದ: ಅಂಗಡಿಯವರಿಗೆ ನೀವು ಈಗಲೇ ಕೊಟ್ಟುಬಿಡಿ, ಇಲ್ಲದಿದ್ದರೆ ಅವರು ಬೇರೆ ಬ್ರ್ಯಾಂಡ್ ತಳ್ಳುತ್ತಾರೆ, ನಮ್ಮ ಚೀನೀ ಹೊಸ ವರ್ಷದ ರಜೆ ಮುಗಿದ ತಕ್ಷಣ ಎಲ್ಲ ಒಟ್ಟಿಗೆ ಸೇರಿಸಿ ಕ್ರೆಡಿಟ್ ನೋಟ್ ಹಾಕಿಸ್ತೀನಿ. ಮೊದಲೂ ಹೀಗೇ ಹೇಳಿದ್ದ, ಹೇಳಿದಂತೆ ಕೊಟ್ಟಿದ್ದ. ನಾನು ಕೈಯಿಂದ ಹಾಕಿ ಕೊಟ್ಟೆ. ಅದರಲ್ಲಿ ಓವರ್‌ಡ್ರಾಫ್ಟ್ ದುಡ್ಡೂ ಇತ್ತು.

ನನ್ನ ತಪ್ಪು ಏನು ಅಂದರೆ, ಬೆಂಗಳೂರು ಆಫೀಸಿನ ಅಕೌಂಟ್ಸ್‌ಗೆ ಒಂದು ಮೇಲ್ ಹಾಕಲಿಲ್ಲ. "ಇಂಥ ಮಾಡೆಲ್, ಇಂಥ ದಿನ, ಇಷ್ಟು ಪೀಸ್, ಇಷ್ಟು ಕ್ಲೇಮ್, ದಯವಿಟ್ಟು ದೃಢಪಡಿಸಿ" ಅಂತ ನಾಲ್ಕು ಸಾಲು ಸಾಕಿತ್ತು. ಅವನ ಮೇಲೆ ನಂಬಿಕೆ ಇಲ್ಲ ಅಂತ ಆಗುತ್ತದೇನೋ ಅಂದುಕೊಂಡೆ. ಅವನ ಮೇಲೆ ನಂಬಿಕೆ ಇತ್ತು, ಸರಿ. ಆದರೆ ನನಗೆ ದುಡ್ಡು ಕೊಡಬೇಕಾದದ್ದು ಅವನಲ್ಲ, ಕಂಪನಿ. ಕಂಪನಿಯ ಪುಸ್ತಕದಲ್ಲಿ ನನ್ನ ಕ್ಲೇಮ್ ಇರಲೇ ಇಲ್ಲ. ಅದು ಇದ್ದದ್ದು ಎರಡು ಫೋನುಗಳ ಒಳಗಿನ ವೀಚಾಟ್‌ನಲ್ಲಿ ಮಾತ್ರ. ಸ್ಕ್ರೀನ್‌ಶಾಟ್ ಕೂಡ ತೆಗೆದಿಟ್ಟಿರಲಿಲ್ಲ.

ಜನವರಿಯಲ್ಲಿ ಅವನು ಊರಿಗೆ ಹೋದ. ಕೊರೊನಾ ಶುರುವಾಯಿತು. ಫೆಬ್ರವರಿಯಲ್ಲಿ ಚೀನೀಯರಿಗೆ ನಮ್ಮ ವೀಸಾ ನಿಂತಿತು. ಮಾರ್ಚ್‌ನಲ್ಲಿ ಲಾಕ್‌ಡೌನ್. ಜೂನ್ 15ಕ್ಕೆ ಗಡಿಯ ಗಾಲ್ವಾನ್‌ನಲ್ಲಿ ಚೀನೀ ಸೈನಿಕರ ಜೊತೆ ಘರ್ಷಣೆ. ನಮ್ಮ 20 ಸೈನಿಕರು ತೀರಿಕೊಂಡ ಸುದ್ದಿ ಬಂದಾಗ ಊರಲ್ಲಿ ಎಲ್ಲರ ಹೊಟ್ಟೆ ಉರಿದಿತ್ತು, ನನ್ನದೂ. ಅಂಗಡಿಯವರು ಹೆದರಿ ಬ್ರ್ಯಾಂಡಿನ ಗ್ಲೋಸೈನ್ ಬೋರ್ಡ್ ಮೇಲೆ ಹಳೇ ಫ್ಲೆಕ್ಸ್ ಕಟ್ಟಿದರು. ಜೂನ್ 29ಕ್ಕೆ ಸರ್ಕಾರ ನಿಷೇಧಿಸಿದ 59 ಆಪ್‌ಗಳಲ್ಲಿ ವೀಚಾಟ್ ಕೂಡ ಇತ್ತು. ಜುಲೈ ಕೊನೆಗೆ ನನ್ನ ಅಕೌಂಟ್ ತಾನೇ ಲಾಗೌಟ್ ಆಯಿತು. ಆಮೇಲೆ ತೆರೆಯಲೇ ಇಲ್ಲ.

ಬೆಂಗಳೂರಿಗೆ ಫೋನ್ ಮಾಡಿದರೆ ಅಕೌಂಟ್ಸ್ ಹುಡುಗ ಪಾಪ ನಮ್ಮವನೇ, ಧಾರವಾಡದ ಕಡೆಯವನು. "ಸಾರ್, ನಿಮ್ಮ ಮಾತು ನಿಜಾನೇ ಇರಬಹುದು. ಸಿಸ್ಟಮ್‌ನಲ್ಲಿ ಅಪ್ರೂವಲ್ ಇಲ್ಲ. ಅದು ಚೀನಾದಿಂದಲೇ ಬರಬೇಕು" ಅಂದ. ಆ ಇಡೀ ಆಫೀಸಿನಲ್ಲಿ ಒಬ್ಬರಿಗೂ ಅದಕ್ಕೆ ಹೂಂ ಅನ್ನುವ ಅಧಿಕಾರ ಇರಲಿಲ್ಲ. ದುಡ್ಡು ಹೋಯಿತು. ಏಜೆನ್ಸಿ ಬಿಟ್ಟೆ. ಸಾಲ ತೀರಿಸಲು ಗೋಕುಲ ರೋಡಿನ ಕಡೆ ಇದ್ದ ಸೈಟು ಮಾರಿದೆ.

ನನ್ನ ಪ್ರಕಾರ ನಿಜವಾದ ತೊಡಕು ಇದೇ. ಅಧಿಕಾರ ಪೂರ್ತಿ ಅಲ್ಲಿರುತ್ತದೆ, ಇಲ್ಲಿಗೆ ಅದನ್ನು ಹೊತ್ತು ತರುವವನು ಒಬ್ಬನೇ ಮನುಷ್ಯ. ಗಡಿಯಲ್ಲಿ ಏನಾದರೂ ಆದರೆ ಮೊದಲು ನಿಲ್ಲುವುದು ಅವನ ವೀಸಾ. ಸಂಸ್ಕೃತಿಯ ತರಬೇತಿ ಕೊಟ್ಟರೆ ಇದು ಸರಿಹೋಗುತ್ತದಾ?

ದೊಡ್ಡ ಕಂಪನಿಗಳ ಕಥೆಯಲ್ಲೂ ನನಗೆ ಕಾಣುವುದು ಇದೇ. 2020ರ ಏಪ್ರಿಲ್‌ನಲ್ಲಿ ಬಂದ ಪ್ರೆಸ್ ನೋಟ್ 3 ಎಂಬ ಸರ್ಕಾರಿ ಆದೇಶದ ಪ್ರಕಾರ, ನಮ್ಮ ಜೊತೆ ಭೂಗಡಿ ಇರುವ ದೇಶಗಳ ಬಂಡವಾಳಕ್ಕೆ ಸರ್ಕಾರದ ಒಪ್ಪಿಗೆ ಬೇಕಾಯಿತು. ಚೀನಾದ ಕಾರು ಕಂಪನಿ ಗ್ರೇಟ್ ವಾಲ್ ಮೋಟರ್ ಅದೇ ವರ್ಷ ಜನವರಿಯಲ್ಲಿ ಪುಣೆ ಹತ್ತಿರದ ತಳೇಗಾಂವ್‌ನ ಜನರಲ್ ಮೋಟರ್ಸ್ ಕಾರ್ಖಾನೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತ್ತು. ಒಪ್ಪಿಗೆಗೆ ಕಾದು ಕಾದು 2022ರಲ್ಲಿ ಕೈಬಿಟ್ಟಿತು. ಎಂಜಿ ಕಾರಿನ ಒಡೆಯ, ಚೀನಾದ ಎಸ್‌ಎಐಸಿ ಬೇರೆ ದಾರಿ ಹಿಡಿಯಿತು. ನಮ್ಮ ಜೆಎಸ್‌ಡಬ್ಲ್ಯುಗೆ ಶೇ 35 ಪಾಲು ಕೊಟ್ಟು ಜೊತೆಗೆ ಸೇರಿಸಿಕೊಂಡಿತು. ಇವತ್ತು ರಸ್ತೆಯಲ್ಲಿ ಎಂಜಿ ಕಾರು ಓಡ್ತಿವೆ, ಅಲ್ವಾ? ಇಲ್ಲಿ ಬೇರು ಬಿಡಬೇಕಾದರೆ ಇಲ್ಲಿಯವರ ಕೈಗೆ ಅಧಿಕಾರ ಕೊಡಬೇಕು. ಅರ್ಧಂಬರ್ಧ ಕೊಟ್ಟರೆ ನಡೆಯಲ್ಲ.

ಹಾಗಾಗಿ ಮ್ಯಾಂಡರಿನ್‌ಗೆ ಇಟ್ಟ ಸಮಯದಲ್ಲಿ ಅರ್ಧ ಫೆಮಾ (ವಿದೇಶಿ ವಿನಿಮಯದ ಕಾಯ್ದೆ) ಮತ್ತು ಜಿಎಸ್‌ಟಿಗೆ ಕೊಡಿ. 2022ರ ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯ (ಇ.ಡಿ.) ಶಿಯೋಮಿಯ 5,551 ಕೋಟಿ ರೂಪಾಯಿ ಜಪ್ತಿ ಮಾಡಿದ್ದು ಫೆಮಾ ಅಡಿಯಲ್ಲೇ, ರಾಯಲ್ಟಿ ಹೆಸರಲ್ಲಿ ಹೊರಗೆ ಕಳಿಸಿದ ದುಡ್ಡಿನ ವಿಚಾರಕ್ಕೆ. ಕಂಪನಿ ಆರೋಪ ಒಪ್ಪಲಿಲ್ಲ. ಆದರೆ ಇಂಥ ಹೊತ್ತಲ್ಲಿ ಕಾಗದ ಸರಿಯಾಗಿ ಇಟ್ಟ ಇಲ್ಲಿಯ ನೌಕರನಿಗೆ ಇರುವ ಬೆಲೆ ದುಭಾಷಿಗೆ ಇರಲ್ಲ.

ಸೇರುವ ಮುಂಚೆ ಒಂದು ಪ್ರಶ್ನೆ ಕೇಳಿ: ಡೀಲರ್ ಕ್ಲೇಮ್‌ಗೆ ಕೊನೆಯ ಸಹಿ ಹಾಕುವವರು ಯಾವ ಊರಲ್ಲಿ ಕೂರುತ್ತಾರೆ? ಬೆಂಗಳೂರು ಅಂದರೆ ಧೈರ್ಯವಾಗಿ ಸೇರಿ. ಚೀನಾದ ಶೆನ್‌ಜೆನ್ ಅಂದರೆ ಸೇಲ್ಸ್ ಬಿಟ್ಟು ಫೈನಾನ್ಸ್‌ನಲ್ಲೋ ಲೀಗಲ್‌ನಲ್ಲೋ ಜಾಗ ಕೇಳಿ. ಅದು ಸಿಗಲ್ಲ, ಸೇಲ್ಸೇ ಗತಿ ಅಂದರೆ, ಡೀಲರ್‌ಗೆ ಬಾಯಲ್ಲಿ ಹೇಳಿದ ಪ್ರತಿಯೊಂದು ಸ್ಕೀಮನ್ನೂ ಅವತ್ತೇ ಕಂಪನಿ ಮೇಲ್‌ನಿಂದ ಅವನಿಗೆ ಬರೆದು ಕಳಿಸಿ, ಅಕೌಂಟ್ಸ್‌ಗೆ ಸಿಸಿ ಹಾಕಿ. ಬಾಸ್ ಬೇಡ ಅಂದರೂ ಕಳಿಸಿ.