ನಿಮ್ಮ ಶ್ರೀಧರ್ ಯಾವ ಊರಿನವನು?

ಪ್ರೀತಿಯ ತಂಗಿ, ನಮಸ್ಕಾರ.

ನೀವು ಕಳಿಸಿದ ‘ಬತ್ತದ ಕಣ್ಣೀರು’ ಕಥೆಯನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಅಚ್ಚಿಗೆ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ನೆ ಇರಲೂ ಮನಸ್ಸು ಬರಲಿಲ್ಲ. ಅದಕ್ಕೇ ಈ ಉದ್ದ ಪತ್ರ.

ಕಥೆಯೊಳಗೆ ಜೀವ ಇದೆ. ಮಾನ್ವಿ ಕಡೆಯ ಊರು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗ. ನೀರು ಬಂದೇ ಬರುತ್ತದೆ ಅಂತ ಭತ್ತದ ಸಸಿ ಹಾಕಿಕೊಂಡು ಕೂತ ರೈತ. ರಾತ್ರಿ ತೂಬು ಕಾಯಲು ಹೋಗುವ ಮುಂಚೆ ಅವನು ಟಾರ್ಚಿನ ಸೆಲ್ ತೆಗೆದು, ಅಂಗೈಯಲ್ಲಿ ತಿಕ್ಕಿ, ಮತ್ತೆ ಹಾಕುತ್ತಾನಲ್ಲ, ಆ ಸಾಲು ಓದಿ ಹಾಳೆ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ‘ಮೈಲ್ 69ರಾಗ ಗೇಜ್ ಎಷ್ಟೈತಿ?’ ಅಂತ ಚಹಾದಂಗಡಿಯಲ್ಲಿ ಒಬ್ಬ ಕಾಲುವೆಯ ನೀರಿನ ಮಟ್ಟ ಕೇಳುತ್ತಾನೆ. ಆ ಕಾಲುವೆ ನಂಬಿ ಬದುಕಿದವರ ಮನೆಯಲ್ಲಿ ಬೆಳೆಯದೆ ಆ ಮಾತು ಬರೆಯಲು ಬರುವುದಿಲ್ಲ.

ಅಂಥ ಕಥೆಯಲ್ಲಿ ರೈತನ ಹೆಸರು ಶ್ರೀಧರ್. ಹೆಂಡತಿ ವಸುಧಾ. ಮಗ ಆರ್ಯನ್. ಊರು ರಾಮಾಪುರ. ನಾಲ್ಕೂ ಎಲ್ಲಿಂದಲೋ ಬಸ್ ಹತ್ತಿ ಬಂದು ನಿಮ್ಮ ಕಥೆಯಲ್ಲಿ ಇಳಿದ ಹಾಗಿವೆ.

ಶ್ರೀಧರ್ ಕೆಟ್ಟ ಹೆಸರು ಅಂತಲ್ಲ. ಆದರೆ ನಿಮ್ಮ ಲೆಕ್ಕದಲ್ಲಿ ಅವನಿಗೆ ಐವತ್ತೆಂಟು. ಮೂರು ಎಕರೆ ಹೊಲ. ಶಾಲೆಯ ಮುಖ ನೋಡಿಲ್ಲ. ಅವನು ಹುಟ್ಟಿದಾಗ ಅಂಥ ಮನೆಯಲ್ಲಿ ಹೆಸರು ಎಲ್ಲಿಂದ ಬರುತ್ತಿತ್ತು? ಹೆಚ್ಚಾಗಿ ಮನೆದೇವರಿಂದ, ಇಲ್ಲವೇ ತೀರಿಹೋದ ಅಜ್ಜನಿಂದ. ಗುರುಗುಂಟಿ ಅಮರೇಶ್ವರನಿಗೆ ನಡೆದುಕೊಳ್ಳುವ ಮನೆಯಾದರೆ ಅಮರಪ್ಪ, ಅಮರಮ್ಮ. ಹುಲಿಗಿಯ ಹುಲಿಗೆಮ್ಮನ ಒಕ್ಕಲಾದರೆ ಹುಲಗಪ್ಪ. ಇಲ್ಲಿ ಕೊಪ್ಪಳದ ಸುತ್ತ ಗವಿಸಿದ್ಧಪ್ಪ, ಕನಕಗಿರಿ ಕಡೆ ಕನಕಪ್ಪ, ಹಂಪಿ ಸೀಮೆಯಲ್ಲಿ ಪಂಪಾಪತಿ, ಹಂಪಮ್ಮ. ಬಳ್ಳಾರಿಗೆ ಬಂದರೆ ಎರ್ರಿಸ್ವಾಮಿ. ಇನ್ನು ಮುದಗಲ್ಲಿನಂಥ ಊರುಗಳಲ್ಲಿ ಮೊಹರಂನ ಅಲಾಯಿ ದೇವರಿಗೆ ಹರಕೆ ಹೊತ್ತ ಹಿಂದೂ ಮನೆಗಳಿವೆ. ಅಲ್ಲಿ ಹುಸೇನಪ್ಪ, ಹುಸೇನಮ್ಮ, ಮೌಲಪ್ಪ ಇದ್ದಾರೆ. ‘ಹುಸೇನಪ್ಪ’ ಅಂತ ಒಂದೇ ಪದ ಬರೆದು ನೋಡಿ. ಅವನು ಹುಟ್ಟುವ ಮೊದಲೇ ಅವನ ತಾಯಿ ಯಾರ ಮುಂದೆ ಸೆರಗೊಡ್ಡಿ ಬೇಡಿಕೊಂಡಿದ್ದಳು ಅನ್ನುವುದು ಅದರಲ್ಲೇ ಬಂತು. ಅದಕ್ಕೆ ಬೇರೆ ಪ್ಯಾರಾ ಬೇಕಿಲ್ಲ.

ನಿಮ್ಮ ಕಥೆಯಲ್ಲಿ ಕ್ಯಾಂಪಿನ ಯಜಮಾನ ಒಬ್ಬ ಬರುತ್ತಾನೆ. ಅವನಿಗೆ ಹೆಸರನ್ನೇ ಇಟ್ಟಿಲ್ಲ. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳವು. ಅಲ್ಲಿ ಸುಬ್ಬಾರಾವ್, ಸತ್ಯನಾರಾಯಣ ಸಿಗುತ್ತಾರೆ. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಿಗೆ, ಅಂದರೆ ಪುನರ್ವಸತಿ ಕ್ಯಾಂಪುಗಳಿಗೆ, ಹೋದರೆ ಬಂಗಾಳಿ ಕುಟುಂಬಗಳು, ಮಂಡಲ್, ಬಿಸ್ವಾಸ್. ಒಂದೇ ಬಸ್ಸಿನಲ್ಲಿ ಇಷ್ಟು ಥರದ ಹೆಸರು ಕೂಗುವ ಸೀಮೆ ನಮ್ಮದು. ಇದನ್ನು ಬಿಟ್ಟು ರಾಮಾಪುರಕ್ಕೆ ಯಾಕೆ ಹೋಗಬೇಕು? ಊರಿನ ಹೆಸರು ಕಟ್ಟಿಯೇ ಬರೆಯಿರಿ, ತಪ್ಪಿಲ್ಲ. ಆದರೆ ದಿನ್ನಿ, ಹಾಳ, ಕಲ್ಲು ಅಂತ ಮುಗಿಯುವ ಹೆಸರು ಕಟ್ಟಿ. ಓದುವವರ ಕಿವಿಗೆ ರಾಯಚೂರು ತಾನಾಗಿ ಬರುತ್ತದೆ.

ಆರ್ಯನ್‌ಗಳು ನಮ್ಮ ಹಳ್ಳಿಗಳಲ್ಲೂ ಈಗ ಇದ್ದಾರೆ. ಆದರೆ ಅವರು ಇನ್ನೂ ಮೂರನೇ ಕ್ಲಾಸು. ನಿಮ್ಮ ಹುಡುಗನಿಗೆ ಇಪ್ಪತ್ತಾರು. ಅಜ್ಜ ಅಮರಪ್ಪನಾಗಿದ್ದರೆ ಮೊಮ್ಮಗ ಅಮರೇಶ ಆಗುತ್ತಾನೆ. ದೇವರು ಅದೇ, ಕಾಲ ಮಾತ್ರ ಬದಲಾಯಿತು.

ಹೆಸರು ಇಟ್ಟರೆ ಅರ್ಧ ಕೆಲಸ ಆಯಿತು ಅಷ್ಟೇ. ಅದನ್ನು ಯಾರು ಹೇಗೆ ಕರೆಯುತ್ತಾರೆ ಅನ್ನುವಲ್ಲಿ ನೀವು ಜಾಸ್ತಿ ಎಡವಿದ್ದೀರಿ. ವಸುಧಾ ಬಾಗಿಲಲ್ಲಿ ನಿಂತು ‘ಶ್ರೀಧರ್, ಊಟಕ್ಕೆ ಬಾ’ ಅನ್ನುತ್ತಾಳೆ. ನಿಮ್ಮ ತಾಯಿ ನಿಮ್ಮ ತಂದೆಯನ್ನು ಹಾಗೆ ಕರೆದಿದ್ದು ಕೇಳಿದ್ದೀರಾ? ನನಗೆ ನನ್ನ ಅಜ್ಜನ ಹೆಸರು. ನನ್ನ ತಾಯಿ ಒಂದು ದಿನವೂ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. ಮಾವನ ಹೆಸರು ಸೊಸೆಯ ಬಾಯಲ್ಲಿ ಹೇಗೆ ಬರಬೇಕು? ಕೊನೆಯವರೆಗೂ ‘ಯಪ್ಪಾ’ ಅಂತಲೇ ಕರೆದಳು. ಶಾಲೆಗೆ ಹೋದ ಮೇಲೆ, ಹಾಜರಿ ಕರೆಯುವಾಗಲೇ ನನ್ನ ಹೆಸರು ನನಗೆ ಸರಿಯಾಗಿ ಕೇಳಿಸಿದ್ದು. ನಿಮ್ಮ ಕಥೆಯಲ್ಲಿ ಮದುವೆಯ ನೆನಪಿನ ದೃಶ್ಯ ಇದೆ. ಅಲ್ಲಿ ಹೆಂಗಸರು ಮದುಮಗಳನ್ನು ಅಡ್ಡಗಟ್ಟಿ ಒಡಪು, ಅಂದರೆ ಗಂಡನ ಹೆಸರು ಸೇರಿಸಿ ಹೇಳುವ ಪದ್ಯ, ಹಾಕಿಸಲಿ. ಆಕೆ ಗಂಡನ ಹೆಸರು ಬಾಯಿಬಿಟ್ಟು ಹೇಳುವುದು ಇಡೀ ಕಥೆಯಲ್ಲಿ ಅದೊಂದೇ ಸಲ ಆಗಲಿ.

ಇನ್ನು ತೂಬಿನ ದೃಶ್ಯ. ಕಾಲುವೆ ಕಾಯುವ ಹುಡುಗ ಬಂದು ‘ಏನು ಶ್ರೀಧರ್, ಇಲ್ಲೇನು ಮಾಡುತ್ತಿದ್ದೀಯಾ?’ ಅನ್ನುತ್ತಾನೆ. ಮುಂದಿನ ಸಾಲಿನಲ್ಲಿ ‘ಆ ಮಾತು ಅವನ ಮನಸ್ಸಿಗೆ ಚುಚ್ಚಿತು’ ಅಂತ ನೀವೇ ಹೇಳಬೇಕಾಗಿ ಬಂತು. ಯಾಕಂದರೆ ಮಾತಿನಲ್ಲಿ ಅದು ಇರಲಿಲ್ಲ. ಅವನು ಹುಲಗಪ್ಪ ಆಗಿದ್ದು, ಹುಡುಗ ‘ಲೇ ಹುಲಗ್ಯಾ’ ಅಂದಿದ್ದರೆ? ವಾರಿಗೆಯವನು ‘ಹುಲಗ್ಯಾ’ ಅಂದರೆ ಸಲಿಗೆ. ಇಪ್ಪತ್ತೈದರ ಹುಡುಗ ಐವತ್ತೆಂಟರ ಮನುಷ್ಯನಿಗೆ ಅಂದರೆ ಅದು ಹೊಡೆತ. ಬ್ಯಾಂಕಿನಲ್ಲಿ ಅವನೇ ‘ಹುಲಗಪ್ಪ ತಂದೆ ಅಮರಪ್ಪ’. ಹೆಂಡತಿಗೆ ‘ಕೇಳ್ರಿಲ್ಲಿ’. ಮಗ ಬೆಂಗಳೂರಿನಿಂದ ಫೋನ್ ಮಾಡಿದಾಗ ಹಿಂದಿನಿಂದ ಯಾರೋ ‘ಅಮರ್’ ಅಂತ ಕೂಗಲಿ. ಈ ಕಡೆ ತಂದೆ ಒಂದು ಕ್ಷಣ ಅದು ಯಾರು ಅಂತ ಯೋಚಿಸಲಿ. ಮಗ ಎಷ್ಟು ದೂರ ಹೋದ ಅನ್ನುವುದು ಅಷ್ಟರಲ್ಲೇ ತಿಳಿಯುತ್ತದೆ. ಆ ಫೋನಿನ ಎರಡು ಪುಟ ಅರ್ಧಕ್ಕೆ ಇಳಿಯುತ್ತದೆ.

ಒಂದು ಸಣ್ಣ ಮಾತು. ಅಮರಪ್ಪ, ಅಮರೇಶ, ಅಮರಮ್ಮ ಮೂವರನ್ನೂ ಒಂದೇ ಪುಟದಲ್ಲಿ ತಂದರೆ ಓದುವವರಿಗೆ ಗೊಂದಲ. ಹೆಂಗಸಿಗೆ ಬೇರೆ ದೇವರನ್ನು ಹುಡುಕಿ.

ಈಗ ಶೀರ್ಷಿಕೆ. ಮಸ್ಕಿಯ ಬೆಟ್ಟದ ಶಾಸನ ನೋಡಿದ್ದೀರಾ? 1915ರಲ್ಲಿ ಸಿಕ್ಕಿದ್ದು. ಅದಕ್ಕೂ ಮೊದಲು ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಅನ್ನುವ ಬಿರುದುಗಳಿದ್ದವು. ಆ ಬಿರುದಿನ ರಾಜ ಅಶೋಕನೇ ಅಂತ ಗಟ್ಟಿಯಾಗಿದ್ದು ಮಸ್ಕಿಯ ಬಂಡೆಯ ಮೇಲೆ ಆ ಹೆಸರೇ ಕಂಡ ಮೇಲೆ. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಹೆಸರು ಸಿಕ್ಕಿತು. ನಮ್ಮ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಶಾಸನಗಳಲ್ಲಿ ಬಿರುದು ಮಾತ್ರ ಇದೆ. ಬಿರುದನ್ನು ಯಾವ ರಾಜ ಬೇಕಾದರೂ ಇಟ್ಟುಕೊಳ್ಳಬಹುದು. ‘ಬತ್ತದ ಕಣ್ಣೀರು’ ಅಂಥ ಬಿರುದು. ಸೊಸೆಯ ಕಥೆಗೂ ಆಗುತ್ತದೆ, ಸೈನಿಕನ ಕಥೆಗೂ ಆಗುತ್ತದೆ. ಬತ್ತ, ಭತ್ತ ಎರಡೂ ಕಿವಿಗೆ ಬೀಳುತ್ತವೆ ಅಂತ ನಿಮಗೆ ಖುಷಿಯಾಗಿರಬೇಕು, ಗೊತ್ತಾಗುತ್ತದೆ. ಆದರೆ ಯಾರೋ ಅಳುತ್ತಾರೆ ಅಂತ ಮೊದಲೇ ಹೇಳಿಬಿಟ್ಟರೆ ಆ ಟಾರ್ಚಿನ ಸೆಲ್ ತಿಕ್ಕುವುದನ್ನು ನಾನು ಅಷ್ಟು ಮೆಲ್ಲಗೆ ಯಾಕೆ ನೋಡಲಿ?

ಶೀರ್ಷಿಕೆ ನಿಮ್ಮ ಕಥೆಯಲ್ಲೇ ಇದೆ. ಆರನೇ ಪುಟದಲ್ಲಿ ‘ನೀರು ಬರುವಷ್ಟರಲ್ಲಿ ಸಸಿ ಬಲಿತಿದ್ದವು’ ಅಂತ ಬರೆದು ಮುಂದೆ ಹೋಗಿದ್ದೀರಿ. ನಾಟಿಗೆ 25–30 ದಿನದ ಸಸಿ ಬೇಕು. ಎರಡು ತಿಂಗಳು ಮಡಿಯಲ್ಲೇ ನಿಂತ ಸಸಿ ಹಚ್ಚಿದರೆ ಸರಿಯಾಗಿ ತೆಂಡೆ (ಬುಡದಿಂದ ಮರಿ) ಒಡೆಯುವುದಿಲ್ಲ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಮನೆಯಲ್ಲಿ ಕಾಯುತ್ತಾ ಬಲಿತುಹೋದದ್ದು ಸಸಿ ಒಂದೇ ಅಲ್ಲ, ಅಲ್ವಾ? ‘ಬಲಿತ ಸಸಿ’ ಅಂತ ಇಟ್ಟು ನೋಡಿ. ಹಿಡಿಸದಿದ್ದರೆ ‘ಕೊನೇ ತೂಬು’. ಎರಡೂ ಬೇಡವಾದರೆ ಪೆನ್ಸಿಲ್ ಹಿಡಿದು ಕೂತು, ಕಥೆಯಲ್ಲಿ ಕೈಗೆ ಸಿಗುವ ವಸ್ತುಗಳ ಕೆಳಗೆಲ್ಲ ಗೆರೆ ಎಳೆಯಿರಿ. ಯಾವುದು ಮತ್ತೆ ಮತ್ತೆ ಬರುತ್ತದೋ ಅದರ ಹತ್ತಿರ ಹುಡುಕಿ.

ತಿದ್ದಿ ಮತ್ತೆ ಕಳಿಸಿ, ನಾನು ಕಾಯುತ್ತೇನೆ. ಟಾರ್ಚಿನ ಸಾಲು ಮುಟ್ಟಬೇಡಿ. ಒಡಪನ್ನು ಮಾತ್ರ ನೀವು ಕಟ್ಟಬೇಡಿ. ನಿಮ್ಮ ತಾಯಿ ತಮ್ಮ ಮದುವೆಯಲ್ಲಿ ಹಾಕಿದ್ದು ಯಾವುದು ಅಂತ ಕೇಳಿ, ಅವರು ಹೇಳಿದ ಹಾಗೇ ಬರೆದುಕೊಳ್ಳಿ.

ನಿಮ್ಮ,
ಸಂಪಾದಕ
ಕೊಪ್ಪಳ